ಉರುಳಿಗೆ ಕಣ್ಣಿಲ್ಲ

2024ರ ಏಪ್ರಿಲ್‌ನಲ್ಲಿ ಬೋಟ್ಸ್ವಾನಾದ ಆಗಿನ ಅಧ್ಯಕ್ಷ ಮಸಿಸಿ ಅವರು ಜರ್ಮನಿಯವರಿಗೆ ಒಂದು ಮಾತು ಹೇಳಿದ್ದರು. ನಿಮಗೆ 20,000 ಆನೆ ಕಳಿಸಿಕೊಡ್ತೀನಿ, ನೀವೇ ಅವುಗಳ ಜೊತೆ ಬಾಳಿ ನೋಡಿ ಅಂತ. ಬೇಟೆಯಾಡಿದ ಪ್ರಾಣಿಯ ತಲೆ, ಚರ್ಮ ಇತ್ಯಾದಿ ಜರ್ಮನಿಯೊಳಗೆ ಬರುವುದಕ್ಕೆ ಇನ್ನಷ್ಟು ಕಟ್ಟುಪಾಡು ಹಾಕಬೇಕು ಅಂತ ಅಲ್ಲಿಯ ಪರಿಸರ ಸಚಿವಾಲಯ ಹೊರಟಿತ್ತಲ್ಲ, ಅದಕ್ಕೆ ಈ ಉತ್ತರ. ಓದಿ ಬಹಳ ನಗು ಬಂತು. ನಮ್ಮ ತೋವಿನಕೆರೆ ಕಡೆಯವರಿಗೆ ಯಾರಾದರೂ ಮೈಕು ಕೊಟ್ಟರೆ ಅವರೂ ವಿಧಾನಸೌಧಕ್ಕೆ ಎರಡು ಲಾರಿ ಕಾಡುಹಂದಿ ಕಳಿಸ್ತೀವಿ ಅಂತಲೇ ಹೇಳುತ್ತಿದ್ದರು :)

ಆಮೇಲೆ ಕೂತು ಈ ವಿಷಯ ಸ್ವಲ್ಪ ಓದಿದೆ. ಆಫ್ರಿಕಾದ ಸಿಂಹ, ಪರ್ಮಿಟ್ ಕೊಟ್ಟು ಆಡಿಸುವ ಬೇಟೆ, ಅದರಿಂದ ಸಿಂಹ ಉಳಿಯುತ್ತದಾ ಅಳಿಯುತ್ತದಾ ಅನ್ನೋ ವಾದ. ಓದುತ್ತಾ ಹೋದಷ್ಟೂ ನನಗೆ ಕಾಣುತ್ತಿದ್ದದ್ದು ಆಫ್ರಿಕಾ ಅಲ್ಲ, ಕೊರಟಗೆರೆ ಮಧುಗಿರಿ ನಡುವಿನ ನಮ್ಮ ಕಡಲೆಕಾಯಿ ಹೊಲಗಳು. ಯಾಕೆ ಅಂತ ಬರೆಯುತ್ತೇನೆ. ಸ್ವಲ್ಪ ಉದ್ದ ಆಗಬಹುದು, ಟೀ ಹಿಡಿದು ಕೂತ್ಕೊಳ್ಳಿ.

ಮೊದಲು ನಮ್ಮೂರ ಕಥೆ. ನಮ್ಮದು ಬಯಲುಸೀಮೆಯ ಮಾಮೂಲಿ ಊರು. ರಾಗಿ, ಕಡಲೆಕಾಯಿ, ಬೋರಲ್ಲಿ ನೀರಿದ್ದವರಿಗೆ ಅಡಿಕೆ ತೆಂಗು. ಒಂದು ಕಡೆ ಸಿದ್ದರಬೆಟ್ಟ. ಬೆಟ್ಟ ಅಂದರೆ ಮಲೆನಾಡಿನ ಕಾಡು ಅಂದುಕೊಳ್ಳಬೇಡಿ. ಬಂಡೆ, ಜಾಲಿ, ಕುರುಚಲು. ಆದರೆ ಆ ಬಂಡೆಗಳ ಸಂದಿಯಲ್ಲಿ ಕರಡಿ ಇದೆ, ಚಿರತೆ ಇದೆ, ನವಿಲಂತೂ ಕೋಳಿ ಥರ ಓಡಾಡುತ್ತವೆ. ಎಲ್ಲಕ್ಕಿಂತ ಹೆಚ್ಚು ಇರೋದು ಹಂದಿ.

ಕಡಲೆಕಾಯಿ ಬಲಿಯುವ ಹೊತ್ತಿಗೆ ಹಂದಿಗೆ ಹೇಗೆ ಗೊತ್ತಾಗುತ್ತದೋ ದೇವರೇ ಬಲ್ಲ. ರೈತನಿಗಿಂತ ಒಂದು ವಾರ ಮುಂಚೆ ಬಂದು ಕೀಳುತ್ತವೆ. ತಿನ್ನುವುದು ಸ್ವಲ್ಪ, ಉತ್ತು ಹಾಕುವುದು ಪೂರ್ತಿ. ನಮ್ಮ ದೊಡ್ಡಪ್ಪ ಆ ಒಂದು ತಿಂಗಳು ಮನೆಯಲ್ಲಿ ಮಲಗುವುದಿಲ್ಲ. ಹೊಲದ ಸುತ್ತ ಹಳೇ ಸೀರೆ ಕಟ್ಟಿ ಆಯಿತು, ಪಟಾಕಿ ಹೊಡೆದಾಯಿತು, ಪೈಪಿನ ಕಾರ್ಬೈಡ್ ಗನ್ ಆಯಿತು. ಒಂದು ವರ್ಷ ನಾನೇ ಒಂದು ಸಣ್ಣ ಸ್ಪೀಕರ್‌ಗೆ ನಾಯಿ ಬೊಗಳುವ ಸದ್ದು, ದೊಡ್ಡಪ್ಪನೇ ಕೂಗಿದ ಸದ್ದು ಎಲ್ಲಾ ತುಂಬಿ ಟೈಮರ್ ಹಾಕಿ ಕೊಟ್ಟಿದ್ದೆ. ಒಂದು ವಾರ ಕೆಲಸ ಮಾಡಿತು. ಎಂಟನೇ ದಿನ ಹಂದಿಗಳು ಸ್ಪೀಕರ್ ಪಕ್ಕದಲ್ಲೇ ಕಿತ್ತುಕೊಂಡು ತಿಂದು ಹೋಗಿದ್ದವು.

ಆಫ್ರಿಕಾದಲ್ಲಿ ಸಿಂಹ ಹೊಡೆಯೋದಕ್ಕೆ ಶ್ರೀಮಂತರು ಲಕ್ಷಗಟ್ಟಲೆ ಕೊಡ್ತಾರೆ ಅಂತ ದೊಡ್ಡಪ್ಪನಿಗೆ ಹೇಳಿದೆ. ಬೀಡಿ ಹಚ್ಚಿಕೊಂಡು ಕೇಳಿದರು.

"ಅಲ್ಲ ಕಣಪ್ಪಾ, ಹೊಡಿಯೋನೇ ದುಡ್ಡೂ ಕೊಡ್ತಾನಾ? ಇಲ್ಲಿ ನಾನೇ ಕೊಡ್ತೀನಿ, ಯಾರಾದ್ರೂ ಬಂದು ಹಂದಿ ಹೊಡ್ಕೊಂಡ್ ಹೋಗ್ಲಿ."

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಪ್ರಶ್ನೆ ಹಾಕಿದರು. "ಆ ದುಡ್ಡು ಯಾರಿಗೆ ಹೋಯ್ತದೆ? ಸಿಂಹ ಯಾರ ದನ ತಿಂತೋ ಅವ್ನಿಗಾ, ಇಲ್ಲ ಮಧ್ಯದೋರಿಗಾ?"

ನಾನು ಓದಿದ ಅಷ್ಟೂ ಸಂಶೋಧನೆಗಳು ಸುತ್ತಿ ಸುತ್ತಿ ಬಂದು ನಿಲ್ಲುವುದು ಈ ಪ್ರಶ್ನೆಗೇ ಅಂದರೆ ನಂಬುತ್ತೀರಾ?

ಸರಿ, ಈಗ ಸಿಂಹಕ್ಕೆ ಬರೋಣ. ಆಫ್ರಿಕಾದಲ್ಲಿ ಈಗ ಉಳಿದಿರುವ ಸಿಂಹಗಳು ಅಂದಾಜು 20,000ದಿಂದ 25,000. ಹಿಂದೆ ಅವು ಓಡಾಡುತ್ತಿದ್ದ ಜಾಗದಲ್ಲಿ ನೂರಕ್ಕೆ ತೊಂಬತ್ತು ಪಾಲು ಹೋಗಿದೆ. ಬೇಟೆಗೆ ಅನುಮತಿ ಇರುವ ದೇಶಗಳಲ್ಲಿ ಸರ್ಕಾರ ಕಾಡನ್ನು ಬ್ಲಾಕ್‌ಗಳಾಗಿ ಮಾಡಿ ಕಂಪನಿಗಳಿಗೆ ಗುತ್ತಿಗೆ ಕೊಡುತ್ತದೆ. ಇಂತಿಷ್ಟು ಸಿಂಹ ಅಂತ ಕೋಟಾ. ವಿದೇಶದಿಂದ ಬಂದವನು ದುಡ್ಡು ಕಟ್ಟಿ ಒಂದು ಗಂಡು ಸಿಂಹ ಹೊಡೆಯುತ್ತಾನೆ. ಆಫ್ರಿಕಾದಲ್ಲಿ ಹೀಗೆ ಬೇಟೆಗೆ ಬಿಟ್ಟ ಜಾಗದ ಒಟ್ಟು ವಿಸ್ತೀರ್ಣ ಅಲ್ಲಿಯ ರಾಷ್ಟ್ರೀಯ ಉದ್ಯಾನಗಳಿಗಿಂತ ಹೆಚ್ಚು. ಬೇಟೆ ಪರವಾಗಿರುವವರ ಮುಖ್ಯ ವಾದ ಇದೇ. ಬೇಟೆ ನಿಲ್ಲಿಸಿದರೆ ಆ ಜಾಗ ಕಾಡಾಗಿ ಉಳಿಯುವುದಿಲ್ಲ, ದನಕ್ಕೋ ಜೋಳಕ್ಕೋ ಹೋಗುತ್ತದೆ ಅಂತ. ತೆಗೆದುಹಾಕುವ ಮಾತಲ್ಲ.

ಆದರೆ ಸಿಂಹ ಜಿಂಕೆಯ ಥರ ಅಲ್ಲ. ಒಂದು ಗಂಡು ಸಿಂಹ ಸತ್ತರೆ ಲೆಕ್ಕ ಒಂದಕ್ಕೆ ಮುಗಿಯುವುದಿಲ್ಲ. ಗುಂಪು ಕಾಯುತ್ತಿದ್ದ ಗಂಡು ಹೋದ ಮೇಲೆ ಹೊರಗಿನ ಗಂಡುಗಳು ನುಗ್ಗುತ್ತವೆ, ಬಂದ ಕೂಡಲೇ ಹಳೆಯ ಗಂಡಿನ ಮರಿಗಳನ್ನು ಕೊಲ್ಲುತ್ತವೆ. ಮರಿ ಕಳೆದುಕೊಂಡ ಹೆಣ್ಣು ಬೇಗ ಬೆದೆಗೆ ಬರುತ್ತದೆ ಅನ್ನುವ ಲೆಕ್ಕ ಅವಕ್ಕೆ. ಹಾಗಾಗಿ ತಪ್ಪು ವಯಸ್ಸಿನ ಒಂದು ಗಂಡು ಹೊಡೆದರೆ ಅದರ ಹಿಂದೆ ಇಡೀ ಒಂದು ತಲೆಮಾರಿನ ಮರಿಗಳು ಹೋಗುತ್ತವೆ.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ವಿಷಯ ಇದೆ. ಟಾಂಜಾನಿಯಾದ ಸಿಂಹಗಳನ್ನು ದಶಕಗಟ್ಟಲೆ ಅಧ್ಯಯನ ಮಾಡಿದ ಕ್ರೇಗ್ ಪ್ಯಾಕರ್ ಮತ್ತು ಜೊತೆಗಾರರು 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಲೆಕ್ಕ ತೋರಿಸಿದರು. ಐದಾರು ವರ್ಷ ದಾಟಿದ ಗಂಡುಗಳನ್ನು ಮಾತ್ರ ಹೊಡೆದರೆ ಸಿಂಹದ ಸಂಖ್ಯೆಗೆ ಪೆಟ್ಟು ಬೀಳುವುದಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಅದು ಒಂದು ಸಲವಾದರೂ ಮರಿಗಳನ್ನು ದೊಡ್ಡದು ಮಾಡಿರುತ್ತದೆ. ಸರಿ, ವಯಸ್ಸು ತಿಳಿಯೋದು ಹೇಗೆ? ಮೂಗು ನೋಡಿ! ಮರಿಯಾಗಿದ್ದಾಗ ಸಿಂಹದ ಮೂಗಿನ ತುದಿ ಗುಲಾಬಿ ಬಣ್ಣ ಇರುತ್ತದೆ. ವಯಸ್ಸಾದ ಹಾಗೆ ಕಪ್ಪು ಚುಕ್ಕೆ ತುಂಬುತ್ತಾ ಬರುತ್ತದೆ. ಅರ್ಧಕ್ಕಿಂತ ಹೆಚ್ಚು ಕಪ್ಪಾಗಿದ್ದರೆ ಐದು ದಾಟಿದೆ ಅಂತ ಅಂದಾಜು. ಅಂದರೆ ಬೇಟೆಗಾರ ಮೊದಲು ದುರ್ಬೀನು ಹಿಡಿದು ಸಿಂಹದ ಮೂಗು ನೋಡಬೇಕು, ಆಮೇಲೆ ಗುಂಡು. ಮೊಸಾಂಬಿಕ್‌ನ ನಿಯಾಸಾ ಮೀಸಲು ಪ್ರದೇಶದಲ್ಲಿ ಆರು ವರ್ಷದ ನಿಯಮ ತಂದರು. ಚಿಕ್ಕ ಸಿಂಹ ಹೊಡೆದ ಕಂಪನಿಗೆ ಮುಂದಿನ ವರ್ಷ ಕೋಟಾ ಕಡಿತ. ಅಲ್ಲಿ ಚಿಕ್ಕ ವಯಸ್ಸಿನ ಸಿಂಹ ಹೊಡೆಯುವುದು ಕಡಿಮೆಯಾಯಿತು.

ಕಾಗದದ ಮೇಲೆ ಚೆನ್ನಾಗಿದೆ ಅಲ್ವಾ? ಈಗ ಇನ್ನೊಂದು ಮಗ್ಗುಲು ನೋಡಿ.

ಜಿಂಬಾಬ್ವೆಯ ಹ್ವಾಂಗೆ ಉದ್ಯಾನದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು 1999ರಿಂದ 2004ರವರೆಗೆ 62 ಸಿಂಹಗಳಿಗೆ ಗುರುತು ಹಾಕಿ ಹಿಂದೆ ಬಿದ್ದಿದ್ದರು. ಅದರಲ್ಲಿ 24 ಸಿಂಹಗಳನ್ನು ಬೇಟೆಗಾರರು ಹೊಡೆದರು. ಗುರುತು ಹಾಕಿದ ವಯಸ್ಕ ಗಂಡುಗಳಲ್ಲಂತೂ ನೂರಕ್ಕೆ 72 ಬೇಟೆಗೆ ಹೋದವು. ಉದ್ಯಾನದ ಒಳಗೆ ಬೇಟೆ ಇಲ್ಲ, ಸರಿ. ಆದರೆ ಗಡಿಯಾಚೆ ಇರುವ ಬ್ಲಾಕಿನಲ್ಲಿ ಒಂದು ಗಂಡು ಬಿದ್ದರೆ ಒಳಗಿನ ಇನ್ನೊಂದು ಗಂಡು ಆ ಖಾಲಿ ಜಾಗಕ್ಕೆ ಹೋಗುತ್ತದೆ, ಅದೂ ಬೀಳುತ್ತದೆ. ಸಿಂಕ್ ತೆರೆದಿಟ್ಟರೆ ನೀರು ಇಳಿದು ಹೋಗುತ್ತಲೇ ಇರುತ್ತಲ್ಲ, ಹಾಗೆ. 2005ರಿಂದ 2008ರವರೆಗೆ ಅಲ್ಲಿ ಸಿಂಹದ ಬೇಟೆ ನಿಲ್ಲಿಸಿದರು, ಗಂಡುಗಳು ಮತ್ತೆ ಹೆಚ್ಚಿದವು. ಟಾಂಜಾನಿಯಾದಲ್ಲಿ ಪ್ಯಾಕರ್ ತಂಡವೇ 2011ರಲ್ಲಿ ಇನ್ನೊಂದು ಲೆಕ್ಕ ಕೊಟ್ಟಿತು. 1996ರಿಂದ 2008ರ ನಡುವೆ ಬೇಟೆಗೆ ಸಿಕ್ಕ ಸಿಂಹಗಳ ಸಂಖ್ಯೆ ಅರ್ಧಕ್ಕೆ ಇಳಿದಿತ್ತು, ಮೊದಲು ಎಲ್ಲಿ ಜಾಸ್ತಿ ಹೊಡೆದಿದ್ದರೋ ಅಲ್ಲೇ ಜಾಸ್ತಿ ಇಳಿದಿತ್ತು.

ಮೂಗು ನೋಡಿ ಹೊಡೆಯಬಹುದು ಅಂತ ಹೇಳಿದವರೇ, ನೀವು ಮೂಗು ನೋಡುತ್ತಿಲ್ಲ ಅಂತಲೂ ಹೇಳಬೇಕಾಯಿತು.

ಇದೇ ಹ್ವಾಂಗೆಯ ಸೆಸಿಲ್ ನಿಮಗೆ ನೆನಪಿರಬಹುದು. 2015ರ ಜುಲೈನಲ್ಲಿ ಅಮೆರಿಕದ ಒಬ್ಬ ಹಲ್ಲಿನ ಡಾಕ್ಟರು ಬಾಣ ಬಿಟ್ಟು ಕೊಂದ ಸಿಂಹ. ಸುಮಾರು 50,000 ಡಾಲರ್ ಕೊಟ್ಟಿದ್ದರು ಅಂತ ಆಗ ಸುದ್ದಿಯಾಗಿತ್ತು. ಸೆಸಿಲ್‌ಗೆ ಆಗ 13 ವರ್ಷ. ಬರೀ ವಯಸ್ಸಿನ ನಿಯಮ ನೋಡಿದರೆ ಅದು ಪಾಸ್! ಕುತ್ತಿಗೆಯಲ್ಲಿ ಸಂಶೋಧಕರ ಪಟ್ಟಿ ಇತ್ತು, ಹೊಡೆದ ಜಾಗಕ್ಕೆ ಕೋಟಾ ಇರಲಿಲ್ಲ ಅನ್ನುವ ಆರೋಪ ಬಂತು. ಇಡೀ ಜಗತ್ತು ಅತ್ತಿತು. ಉರುಳಿಗೆ ಸಿಕ್ಕಿ, ವಿಷ ಹಾಕಿದ ದನದ ಹೆಣ ತಿಂದು ಸಾಯುವ ಸಿಂಹಗಳಿಗೆ ಹೆಸರಿರುವುದಿಲ್ಲ. ಅವುಗಳ ಲೆಕ್ಕವೂ ಸರಿಯಾಗಿ ಸಿಗುವುದಿಲ್ಲ.

ಹಾಗಾದರೆ ಬೇಟೆ ನಿಷೇಧಿಸಿದರೆ ಮುಗಿಯಿತಾ? ಕೀನ್ಯಾ 1977ರಲ್ಲೇ ಎಲ್ಲಾ ಬೇಟೆ ನಿಷೇಧಿಸಿತು. 1977ರಿಂದ 2016ರವರೆಗಿನ ಎಣಿಕೆಗಳನ್ನು ಜೋಡಿಸಿದ ಅಧ್ಯಯನವೊಂದರ ಪ್ರಕಾರ ಅಲ್ಲಿಯ ಹುಲ್ಲುಗಾವಲುಗಳ ವನ್ಯಜೀವಿಗಳು ಸರಾಸರಿ ನೂರಕ್ಕೆ 68ರಷ್ಟು ಕಡಿಮೆಯಾದವು. ಬಂದೂಕು ಇರಲಿಲ್ಲ. ದನ ಕುರಿ ಹೆಚ್ಚಿದವು, ಬೇಲಿ ಬಂತು, ಹೊಲ ಬಂತು. ಜನಕ್ಕೆ ಆ ಪ್ರಾಣಿ ಬದುಕಿದ್ದರೆ ಏನೂ ಲಾಭ ಇರಲಿಲ್ಲ, ಸತ್ತರೆ ನೆಮ್ಮದಿ ಇತ್ತು. ಆಮೇಲೆ ಮಾರಾ ಸುತ್ತ ಮಸಾಯಿಗಳ ಜಮೀನನ್ನೇ ಪ್ರವಾಸಿ ಕಂಪನಿಗಳು ಬಾಡಿಗೆಗೆ ಹಿಡಿದು, ತಿಂಗಳು ತಿಂಗಳು ಜಮೀನಿನ ಮಾಲೀಕರಿಗೆ ದುಡ್ಡು ಕೊಡಲು ಶುರು ಮಾಡಿದ ಕಡೆ ಸಿಂಹಗಳು ಚೇತರಿಸಿಕೊಂಡವು.

ನಮೀಬಿಯಾ ಬೇರೆ ದಾರಿ ಹಿಡಿಯಿತು. 1996ರ ಕಾನೂನು ಮಾಡಿ, ಹಳ್ಳಿಯವರು ಸೇರಿ ಸಂಘ ಕಟ್ಟಿಕೊಂಡರೆ ತಮ್ಮ ಜಾಗದ ವನ್ಯಜೀವಿಯಿಂದ ಬರುವ ಆದಾಯ ಅವರದೇ ಅಂದಿತು. ಪ್ರವಾಸಿಗಳಿಂದ ಬಂದದ್ದೂ ಅವರದು, ಬೇಟೆಯಿಂದ ಬಂದದ್ದೂ ಅವರದು. ಬೇಟೆಯ ಮಾಂಸ ಕೂಡ ಊರಿಗೆ. ಇಂಥ ಸಂಘಗಳ ಜಮಾ ಖರ್ಚು ನೋಡಿದ 2016ರ ಒಂದು ಅಧ್ಯಯನ, ಬೇಟೆ ನಿಲ್ಲಿಸಿದರೆ ತಮ್ಮ ಖರ್ಚು ತಾವೇ ತೂಗಿಸಬಲ್ಲ ಸಂಘಗಳ ಸಂಖ್ಯೆ ತೀರಾ ಇಳಿಯುತ್ತದೆ, ಪ್ರವಾಸಿಗಳು ನಿಂತರೆ ಅಷ್ಟು ಪೆಟ್ಟು ಬೀಳುವುದಿಲ್ಲ ಅನ್ನುತ್ತದೆ. ಅದೇ ಬೇಟೆ, ಆದರೆ ದುಡ್ಡು ಹಳ್ಳಿಗೆ ತಲುಪಿದ ಕಡೆ ಒಂದು ಫಲ, ಮಧ್ಯದಲ್ಲೇ ನಿಂತ ಕಡೆ ಇನ್ನೊಂದು ಫಲ.

ದೊಡ್ಡಪ್ಪ ಬೀಡಿ ಸೇದುತ್ತಾ ಕೇಳಿದ್ದು ಇದನ್ನೇ ಅಲ್ವಾ?

ನಮ್ಮ ದೇಶದಲ್ಲಿ ಇದನ್ನೆಲ್ಲಾ ಯಾರೂ ಮಾಡಿಯೇ ಇಲ್ಲ ಅಂತ ಅಂದುಕೊಳ್ಳಬೇಡಿ. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆ ಮತ್ತು ಮೀನು ಹಿಡಿಯುವುದಕ್ಕೆ ಕಟ್ಟುಪಾಡು ಹಾಕುವ ಕಾನೂನು ತಂದಿತ್ತು. ಸ್ವಾತಂತ್ರ್ಯ ಬಂದ ಮೇಲೆ 1950, 60ರ ದಶಕಗಳಲ್ಲಿ ಶಿಕಾರ್ ಕಂಪನಿಗಳು ವಿದೇಶಿಯರನ್ನು ಕರೆಸಿ, ಕಾಡಿನ ಬ್ಲಾಕ್ ಹಿಡಿದು, ಲೈಸೆನ್ಸ್ ಮೇಲೆ ಹುಲಿ ಹೊಡೆಸುತ್ತಿದ್ದವು. ಥೇಟ್ ಆಫ್ರಿಕಾ. ಡಾಲರ್ ಬರುತ್ತೆ ಅಂತ ಸರ್ಕಾರಕ್ಕೂ ಖುಷಿ. 1970ರಲ್ಲಿ ಹುಲಿ ಬೇಟೆ ನಿಂತಿತು. ದೇಶದ ಹುಲಿಗಳನ್ನು ಎಣಿಸಿದ್ದು 1972ರಲ್ಲಿ. ಸಿಕ್ಕ ಲೆಕ್ಕ 1,827. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಅನುಕ್ರಮ ಗಮನಿಸಿ. ಮೊದಲು ಪರ್ಮಿಟ್, ಆಮೇಲೆ ನಿಷೇಧ, ಕೊನೆಗೆ ಎಣಿಕೆ! ಬ್ಯಾಂಕಿನಲ್ಲಿ ಎಷ್ಟಿದೆ ಅಂತ ನೋಡದೇ ಚೆಕ್ ಬರೆಯುತ್ತಾ ಹೋದ ಹಾಗೆ.

ಬೇಟೆಯೇ ಇಲ್ಲದೆ ಸಿಂಹ ಉಳಿಸಿದ ಉದಾಹರಣೆಯೂ ನಮ್ಮಲ್ಲೇ ಇದೆ. ಗಿರ್‌ನಲ್ಲಿ 1968ರಲ್ಲಿ 177 ಸಿಂಹ ಇದ್ದವು. 2020ರಲ್ಲಿ 674, 2025ರ ಎಣಿಕೆಯಲ್ಲಿ 891. ಈಗ ಅವು ಅಭಯಾರಣ್ಯ ದಾಟಿ ಅಮ್ರೇಲಿ, ಭಾವನಗರದ ಹೊಲಗಳಲ್ಲಿ ಓಡಾಡುತ್ತಿವೆ. ಅಲ್ಲಿ ಸಿಂಹ ಹಂದಿಯನ್ನೂ ನೀಲಗಾಯ್‌ಯನ್ನೂ ಹಿಡಿಯುತ್ತದೆ, ಬೆಳೆ ಉಳಿಯುತ್ತದೆ ಅನ್ನುವ ರೈತರಿದ್ದಾರೆ. ದನ ಸತ್ತರೆ ಪರಿಹಾರ ಇದೆ. ಸಿಂಹ ನಮ್ಮದು ಅನ್ನುವ ಹೆಮ್ಮೆಯೂ ಇದೆ. ಹಾಗಾಗಿ ಬೇಟೆ ಇಲ್ಲದಿದ್ದರೆ ಸಿಂಹ ಉಳಿಯುವುದೇ ಇಲ್ಲ ಅನ್ನುವ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಈಗ ಮತ್ತೆ ನಮ್ಮ ಮಧುಗಿರಿ ಕಡೆ ಬನ್ನಿ. ಕೊಡಿಗೇನಹಳ್ಳಿ ಹೋಬಳಿಯ ಮೈದನಹಳ್ಳಿಗೆ ಹೋಗಿದ್ದೀರಾ? ಹೋಗಿಲ್ಲದಿದ್ದರೆ ಒಂದು ಬೆಳಿಗ್ಗೆ ಹೋಗಿ. ದೇವರಾಯನದುರ್ಗದಲ್ಲಿ ಹುಟ್ಟಿ ಬರುವ ಜಯಮಂಗಲಿ ನದಿಯ ಹೆಸರು ಇಟ್ಟಿರುವ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಅದು. ಬರೀ 798 ಎಕರೆ. ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್‌ನವರು ವರ್ಷಗಟ್ಟಲೆ ಬೆನ್ನು ಹತ್ತಿದ ಮೇಲೆ 2007ರಲ್ಲಿ ಘೋಷಣೆಯಾಯಿತು. ಹುಲ್ಲು, ನೀಲಗಿರಿ, ಅದರ ನಡುವೆ ತಿರುಚಿದ ಕೊಂಬಿನ ಕಪ್ಪು ಗಂಡುಗಳು. ಓಡುವಾಗ ನೆಲ ಮುಟ್ಟುತ್ತವೋ ಇಲ್ಲವೋ ಅನ್ನಿಸುತ್ತದೆ.

ಈ ಕೃಷ್ಣಮೃಗಕ್ಕೂ ಬೇಟೆಯ ವಾದಕ್ಕೂ ಒಂದು ವಿಚಿತ್ರ ನಂಟಿದೆ. 1930ರ ದಶಕದಲ್ಲಿ ಅಮೆರಿಕದ ಟೆಕ್ಸಾಸ್‌ಗೆ ಕೃಷ್ಣಮೃಗಗಳನ್ನು ಒಯ್ದು ಬಿಟ್ಟರು. ಅಲ್ಲಿ ಅವು ರಾಂಚ್ ಮಾಲೀಕರ ಸ್ವಂತ ಆಸ್ತಿ. ದುಡ್ಡು ಕೊಟ್ಟವರು ಹೊಡೆಯಬಹುದು. ಈಗ ಅಲ್ಲಿ ಸಾವಿರಗಟ್ಟಲೆ ಇವೆ. ಇತ್ತ ಪಾಕಿಸ್ತಾನದಲ್ಲಿ ಕಾಡು ಕೃಷ್ಣಮೃಗ ಸಂಪೂರ್ಣ ಅಳಿದುಹೋದಾಗ, 1970ರ ಸುಮಾರಿಗೆ ಲಾಲ್ ಸುಹಾನ್ರಾ ಉದ್ಯಾನಕ್ಕೆ ಅವನ್ನು ತಂದು ಬಿಟ್ಟದ್ದು ಎಲ್ಲಿಂದ ಗೊತ್ತಾ? ಇದೇ ಟೆಕ್ಸಾಸ್‌ನಿಂದ. ಬೇಟೆಗೆಂದು ಸಾಕಿದ ಪ್ರಾಣಿ ವಾಪಸ್ ಮನೆಗೆ ಬಂತು.

ಹಾಗಂತ ಮೈದನಹಳ್ಳಿಯಲ್ಲೂ ಟಿಕೆಟ್ ಹಾಕಿ ಬೇಟೆ ಬಿಡೋಣ ಅಂದರೆ ನಾನು ಬೇಡ ಅಂತಲೇ ಹೇಳುತ್ತೇನೆ. ಕಾಯಿದೆಯ ಮೊದಲ ಪರಿಚ್ಛೇದದ ಪ್ರಾಣಿ ಅದು, ಬೇಟೆ ಸಾಧ್ಯವೇ ಇಲ್ಲ ಅನ್ನೋದು ಒಂದು. ಅದು ಹಾಗಿರಲಿ, ಟೆಕ್ಸಾಸ್‌ನಲ್ಲಿ ಬೇಲಿ ಇದೆ, ಒಳಗಿರುವ ಜಿಂಕೆಗೆ ಒಬ್ಬ ಮಾಲೀಕ ಇದ್ದಾನೆ, ಮೇವು ಅವನದೇ, ದುಡ್ಡೂ ಅವನಿಗೇ. ಮೈದನಹಳ್ಳಿಯಲ್ಲಿ ಬೆಳಿಗ್ಗೆ 798 ಎಕರೆಯ ಒಳಗಿದ್ದ ಹಿಂಡು ಸಂಜೆಗೆ ಪಕ್ಕದ ಹೊಲದಲ್ಲಿರುತ್ತದೆ. ಜಿಂಕೆ ಸರ್ಕಾರದ್ದು, ಅದು ತಿನ್ನುವ ಕಡಲೆ ರೈತನದು. ಇಷ್ಟಿದ್ದೂ ಅವು ಅಲ್ಲಿ ಉಳಿದಿವೆ ಅಂದರೆ ಸುತ್ತಲಿನ ಹಳ್ಳಿಯವರು ಉಳಿಸಿದ್ದಾರೆ ಅಂತಲೇ ಅರ್ಥ. ಯಾವ ವಿದೇಶಿಯೂ ಅವರಿಗೆ ಡಾಲರ್ ಕೊಟ್ಟಿಲ್ಲ. ಒಂದು ಸಾಲು ಕಡಲೆ ಹೋದರೆ ಹೋಗಲಿ ಅಂತ ಬಿಡುವ ಆ ರೈತ ಕೊಡುತ್ತಿರುವುದೇ ಸಂರಕ್ಷಣೆಯ ಶುಲ್ಕ. ರಸೀದಿ ಮಾತ್ರ ಅವನಿಗೆ ಯಾರೂ ಕೊಡುವುದಿಲ್ಲ.

ಈ ತಾಳ್ಮೆ ಎಲ್ಲಾ ಪ್ರಾಣಿಗೂ, ಎಲ್ಲಾ ಕಾಲಕ್ಕೂ ಇರುವುದಿಲ್ಲ. ಹಂದಿಯ ವಿಷಯದಲ್ಲಿ ಅದು ಯಾವತ್ತೋ ಮುಗಿದಿದೆ. ನಾನು ಬರೆಯಬೇಕು ಅಂದುಕೊಂಡಿದ್ದು ಮುಖ್ಯವಾಗಿ ಈ ಮಾತು.

ನಮ್ಮಲ್ಲಿ ಬೇಟೆ ನಿಷೇಧ ಇದೆ ಅಂತ ನಾವೆಲ್ಲಾ ಬೆಂಗಳೂರಲ್ಲಿ ಕೂತು ಹೇಳುತ್ತೇವೆ. ಆದರೆ ಹಳ್ಳಿಯಲ್ಲಿ ಬೇಟೆ ನಡೆಯುತ್ತಲೇ ಇದೆ. ಬೈಕಿನ ಕ್ಲಚ್ ವೈರಿನಿಂದ ಮಾಡಿದ ಉರುಳು ಬೇಲಿಯ ಸಂದಿಯಲ್ಲಿ ಕೂತಿರುತ್ತದೆ. ಸಿಡಿಮದ್ದಿನ ಉಂಡೆ ಇರುತ್ತದೆ. ಕೆಲವರು ಬೇಲಿಗೆ ನೇರ ಕರೆಂಟೇ ಕೊಡುತ್ತಾರೆ. ಹಂದಿಗೆ ಅಂತ ಇಟ್ಟ ಉರುಳಿಗೆ ಹಂದಿಯೇ ಬೀಳಬೇಕು ಅಂತ ಏನಿಲ್ಲವಲ್ಲ. ಚಿರತೆ ಬೀಳುತ್ತದೆ, ಕರಡಿ ಬೀಳುತ್ತದೆ, ಊರ ನಾಯಿ ಬೀಳುತ್ತದೆ. ನಮ್ಮ ಕಡೆ ಒಂದು ಸಲ ಚಿರತೆಯೊಂದು ಸೊಂಟಕ್ಕೆ ವೈರು ಸಿಕ್ಕಿಸಿಕೊಂಡು ರಾತ್ರಿಯೆಲ್ಲಾ ಒದ್ದಾಡಿತ್ತು. ಬೆಳಿಗ್ಗೆ ಊರೆಲ್ಲಾ ಸುತ್ತ ನಿಂತು ಮೊಬೈಲಲ್ಲಿ ವಿಡಿಯೋ ಮಾಡುತ್ತಿದ್ದರು. ಅರಿವಳಿಕೆ ಕೊಡುವವರು ಬರುವ ಹೊತ್ತಿಗೆ ಅದು ತಣ್ಣಗಾಗಿತ್ತು. ಕರೆಂಟು ಬೇಲಿಗೆ ಮನುಷ್ಯರೂ ಸಾಯುತ್ತಾರೆ. ಎಷ್ಟೋ ಸಲ ಬೇಲಿ ಹಾಕಿದವರೇ.

ಆಫ್ರಿಕಾದ ಆ ಬೇಟೆಗಾರ ಕೊನೇ ಪಕ್ಷ ಮೂಗು ನೋಡಬೇಕು ಅನ್ನುವ ನಿಯಮ ಇದೆ. ಉರುಳು ಏನು ನೋಡುತ್ತದೆ? ಅದಕ್ಕೆ ಗಂಡು ಹೆಣ್ಣು ಇಲ್ಲ, ಮರಿ ಮುದಿ ಇಲ್ಲ, ಹಂದಿ ಚಿರತೆ ಇಲ್ಲ. ಕೋಟಾ ಇಲ್ಲ, ಲೆಕ್ಕವೂ ಇಲ್ಲ. ನಾವು ಆಯ್ಕೆ ಮಾಡುತ್ತಿರುವುದು ಬೇಟೆ ಮತ್ತು ಬೇಟೆ ಇಲ್ಲದಿರುವುದರ ನಡುವೆ ಅಲ್ಲ. ಕಣ್ಣಿರುವ ಬೇಟೆ ಮತ್ತು ಕಣ್ಣಿಲ್ಲದ ಬೇಟೆಯ ನಡುವೆ. ಈಗ ನಮ್ಮ ಬೆಟ್ಟಗಳ ಸುತ್ತ ನಡೆಯುತ್ತಿರುವುದು ಎರಡನೆಯದು.

ಹಿಂದೆ ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಯುಗಾದಿಯ ಮಾರನೇ ದಿನ ಊರೆಲ್ಲಾ ಸೇರಿ ಬೇಟೆಗೆ ಹೋಗುತ್ತಿದ್ದರು. ವರ್ಷಕ್ಕೆ ಒಂದು ದಿನ, ದೊಣ್ಣೆ ನಾಯಿ ಹಿಡಿದು. ಚಿತ್ರದುರ್ಗದ ಕಡೆ ಕೆಲವು ಊರುಗಳಲ್ಲಿ ಸಂಕ್ರಾಂತಿಗೆ ಮೊಲ ಹಿಡಿದು ತಂದು, ಪೂಜೆ ಮಾಡಿ, ಮತ್ತೆ ಕಾಡಿಗೆ ಬಿಡುವ ಪದ್ಧತಿಯೂ ಇದೆ. ಇದನ್ನೆಲ್ಲಾ ಮತ್ತೆ ಶುರು ಮಾಡಿ ಅಂತ ಹೇಳುತ್ತಿಲ್ಲ, ಕಾನೂನೂ ಒಪ್ಪುವುದಿಲ್ಲ. ಒಂದು ದಿನ ಮಾತ್ರ, ಉಳಿದ ದಿನ ಇಲ್ಲ ಅನ್ನುವ ಮಿತಿ ಊರಿನ ಕೈಯಲ್ಲೇ ಇತ್ತು ಅನ್ನುವುದಷ್ಟೇ ನನ್ನ ಮಾತು. ಉರುಳಿಗೆ ಹಬ್ಬ ಹರಿದಿನ ಯಾವುದೂ ಇಲ್ಲ.

ಹಂದಿಗೆ ಕಾನೂನಿನಲ್ಲೇ ದಾರಿ ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಕಾಯಿದೆಯ 11ನೇ ಸೆಕ್ಷನ್ ಪ್ರಕಾರ, ಬೆಳೆಗೆ ಅಪಾಯಕಾರಿಯಾದ ಎರಡನೇ ಪರಿಚ್ಛೇದದ ಪ್ರಾಣಿಯನ್ನು ಕೊಲ್ಲಲು ಅಧಿಕಾರಿ ಲಿಖಿತ ಅನುಮತಿ ಕೊಡಬಹುದು. 2022ರ ತಿದ್ದುಪಡಿಯ ಮೇಲೆ ಕಾಡುಹಂದಿ ಇರುವುದು ಆ ಎರಡನೇ ಪರಿಚ್ಛೇದದಲ್ಲಿ. ಕೇರಳದಲ್ಲಿ 2022ರಿಂದ ಪಂಚಾಯತಿ ಮುಖ್ಯಸ್ಥರಿಗೇ ಈ ಅಧಿಕಾರ ಕೊಟ್ಟಿದ್ದಾರೆ. ಇನ್ನೊಂದು ದಾರಿ 62ನೇ ಸೆಕ್ಷನ್. ಕೇಂದ್ರ ಸರ್ಕಾರ ಒಂದು ಪ್ರಾಣಿಯನ್ನು ಇಂಥ ಜಾಗದಲ್ಲಿ ಇಷ್ಟು ಕಾಲ ಉಪದ್ರವಿ ಅಂತ ಘೋಷಿಸಬಹುದು. 2015ರ ಕೊನೆಯಲ್ಲಿ ಬಿಹಾರದ ನೀಲಗಾಯ್ ಮತ್ತು ಹಂದಿಗೆ ಹೀಗೆ ಮಾಡಿದರು. 2016ರ ಜೂನ್‌ನಲ್ಲಿ ಮೊಕಾಮಾದಲ್ಲಿ ಹೊರಗಿಂದ ಬಂದ ಶೂಟರ್‌ಗಳು ಕೆಲವೇ ದಿನದಲ್ಲಿ ಇನ್ನೂರಕ್ಕೂ ಹೆಚ್ಚು ನೀಲಗಾಯ್ ಹೊಡೆದರು. ಕೇಂದ್ರದ ಇಬ್ಬರು ಸಚಿವರೇ ಅದರ ಮೇಲೆ ಬಹಿರಂಗವಾಗಿ ಜಗಳ ಆಡಿದರು.

ಮೊಕಾಮಾ ಥರದ್ದು ನಮಗೆ ಬೇಡ. ಎಣಿಸದೇ ಹೊಡೆಯುವುದು 1960ರ ದಶಕದ ಹುಲಿಯ ಕಥೆಯೇ. ಆದರೆ 11ನೇ ಸೆಕ್ಷನ್ ಸರಿಯಾಗಿ ಬಳಸಿದರೆ? ಯಾವ ಹೊಲ, ಯಾವ ತಿಂಗಳು, ಎಷ್ಟು ಹಂದಿ, ಯಾರು ಹೊಡೆದರು ಅಂತ ಬರೆದಿಟ್ಟು, ಅದರ ಬದಲಿಗೆ ಆ ಊರಿನಲ್ಲಿ ಒಂದೇ ಒಂದು ಉರುಳೂ ಇರಬಾರದು ಅಂತ ಊರೇ ಒಪ್ಪಿಕೊಂಡರೆ? ಹಂದಿಯ ಸಂಖ್ಯೆಗೆ ಅದರಿಂದ ದೊಡ್ಡ ಪೆಟ್ಟೇನೂ ಬೀಳುವುದಿಲ್ಲ, ಒಂದು ಸೂಲಿಗೆ ಐದಾರು ಮರಿ ಹಾಕುವ ಪ್ರಾಣಿ ಅದು. ಉರುಳು ಹೋದರೆ ಉಳಿಯುವುದು ಚಿರತೆ ಮತ್ತು ಕರಡಿ. ಚಿರತೆ ಇದ್ದರೆ ಹಂದಿ ಮರಿಗಳನ್ನು ಅದೂ ಹಿಡಿಯುತ್ತದೆ, ಕೂಲಿ ಕೇಳದೆ.

ಒಂದು ತೊಡಕಿದೆ. ಈಗಿನ ಕಾನೂನಿನಲ್ಲಿ ಅನುಮತಿ ತಗೊಂಡು ಹೊಡೆದ ಹಂದಿ ಸರ್ಕಾರದ ಸ್ವತ್ತು. ಹೂಳಬೇಕು ಅಥವಾ ಸುಡಬೇಕು. ನಮೀಬಿಯಾದಲ್ಲಿ ಮಾಂಸ ಊರಿಗೆ ಹೋಗುತ್ತದೆ, ಇಲ್ಲಿ ಗುಂಡಿಗೆ ಹೋಗುತ್ತದೆ. ಮಾಂಸಕ್ಕೆ ಬಿಟ್ಟರೆ ವ್ಯಾಪಾರ ಶುರುವಾಗುತ್ತದೆ ಅನ್ನುವ ಭಯ ಸುಳ್ಳಲ್ಲ. ಆದರೆ ಅರ್ಜಿ ಹಾಕಿ, ಕಾದು, ಹೂತು ಬರುವ ರೈತನಿಗೂ, ರಾತ್ರಿ ಉರುಳಿಟ್ಟು ಬೆಳಿಗ್ಗೆ ಸಾರು ಮಾಡುವವನಿಗೂ ನಡುವೆ ಯಾರು ಜಾಣ ಅಂತ ಊರು ನೋಡುತ್ತಿರುತ್ತದೆ. ಪ್ರಾಮಾಣಿಕನಾಗಿ ಇರುವುದು ಇಷ್ಟು ಕಷ್ಟ ಮಾಡಬಾರದು.

ಪರಿಹಾರದ ಕಥೆಯೂ ಅಷ್ಟೇ. ಒಂದು ವರ್ಷ ದೊಡ್ಡಪ್ಪನ ಅರ್ಧ ಎಕರೆ ಪೂರ್ತಿ ಹೋಗಿತ್ತು. ಫೋಟೋ ತೆಗೆಸಿ, ಪಹಣಿ ತೆಗೆಸಿ ಅರ್ಜಿ ಕೊಟ್ಟರು. ಮೂರು ಸಲ ಓಡಾಡಿದರು. ನಾಲ್ಕನೇ ಸಲ ಹೋಗಲಿಲ್ಲ. "ಓಡಾಡಿದ ಬಸ್ ಚಾರ್ಜು, ಹೋದ ಕೂಲಿ ಲೆಕ್ಕ ಹಾಕುದ್ರೆ ಹಂದಿನೇ ವಾಸಿ ಕಣಪ್ಪಾ, ಅದು ತಿಂದು ಹೋಯ್ತದೆ, ನಾಳೆ ಬಾ ಅನ್ನಲ್ಲ" ಅಂದರು. ನಕ್ಕೆ, ಆದರೆ ನಗುವ ಮಾತಲ್ಲ ಅದು. ಅವರ ಹೊಲದ ಪಕ್ಕದವರು ಆ ವರ್ಷದಿಂದಲೇ ಉರುಳು ಇಡಲು ಶುರು ಮಾಡಿದ್ದು. ದೊಡ್ಡಪ್ಪ ಇವತ್ತಿಗೂ ಇಟ್ಟಿಲ್ಲ. ಯಾಕೆ ಅಂತ ಕೇಳಿದರೆ "ನಾಯಿ ಬಿದ್ರೆ ಏನ್ ಮಾಡ್ಲಿ" ಅಂತಾರೆ. ಅಷ್ಟೇ. ಈ ಒಂದು ವಾಕ್ಯದ ಮೇಲೆ ನಮ್ಮ ಬೆಟ್ಟದ ಚಿರತೆಗಳು ಬದುಕಿವೆ. ಎಷ್ಟು ದಿನ ಅಂತ ಹೀಗೆ ಬದುಕಿಸುವುದು?

ಚಿರತೆಯ ಮೇಲೆ ಜನರ ಸಿಟ್ಟೂ ಸುಮ್ಮನೆ ಅಲ್ಲ. 2019ರ ಕೊನೆಯಿಂದ 2020ರ ಫೆಬ್ರುವರಿವರೆಗೆ ನಮ್ಮ ತುಮಕೂರು ಜಿಲ್ಲೆಯಲ್ಲೇ ಚಿರತೆ ದಾಳಿಗೆ ಜನ ಸತ್ತರು, ಅದರಲ್ಲಿ ಚಿಕ್ಕ ಮಕ್ಕಳೂ ಇದ್ದರು. ಆ ಮನೆಯವರ ಮುಂದೆ ನಿಂತು ಜೀವವೈವಿಧ್ಯ ಅಂತ ಭಾಷಣ ಮಾಡಲು ನನಗಂತೂ ಬಾಯಿ ಬರುವುದಿಲ್ಲ. ಮನುಷ್ಯರನ್ನು ಹಿಡಿಯುವ ಅಭ್ಯಾಸವಾದ ಪ್ರಾಣಿಯನ್ನು ಹಿಡಿಯಬೇಕು, ಆಗದಿದ್ದರೆ ಕೊಲ್ಲಬೇಕು, ಕಾನೂನೂ ಅದನ್ನೇ ಹೇಳುತ್ತದೆ. ಹಾಗೆ ಒಂದು ಚಿರತೆಯನ್ನು ಗುರುತಿಸಿ ತೆಗೆದರೆ ಉಳಿದ ಚಿರತೆಗಳ ಮೇಲೆ ಜನರ ಸಿಟ್ಟು ಇಳಿಯುತ್ತದೆ. ತಡ ಮಾಡಿದಷ್ಟೂ ಬೆಲೆ ತೆರುವುದು ಏನೂ ಮಾಡದ ಚಿರತೆಗಳೇ.

ಆಫ್ರಿಕಾದ ಸಿಂಹದಿಂದ ನಾನು ತಗೊಂಡ ಪಾಠ ಇಷ್ಟು. ಬೇಟೆ ಬಿಟ್ಟ ಕಡೆಯೂ ಸಿಂಹ ಅಳಿದಿದೆ, ಉಳಿದಿದೆ. ನಿಷೇಧಿಸಿದ ಕಡೆಯೂ ಅಳಿದಿದೆ, ಉಳಿದಿದೆ. ಉಳಿದ ಕಡೆಯಲ್ಲೆಲ್ಲಾ ಇದ್ದದ್ದು ನೆಟ್ಟಗಿನ ಎಣಿಕೆ, ಮತ್ತು ನಷ್ಟ ಅನುಭವಿಸುವವನ ಕೈಗೆ ನೇರವಾಗಿ ಏನೋ ಒಂದು ಸಿಗುವುದು. ದುಡ್ಡು, ಮಾಂಸ, ಬಾಡಿಗೆ ಅಥವಾ ಹೆಮ್ಮೆ. ಏನೂ ಸಿಗದ ಕಡೆ ಬಂದೂಕೂ ಉಳಿಸಿಲ್ಲ, ಕಾಯಿದೆಯೂ ಉಳಿಸಿಲ್ಲ.

ಇದಕ್ಕೆ ಬೇಕಾದ ಪಂಚಾಂಗ ಆಗಲೇ ಹಾಕಿದೆ. ಮೈದನಹಳ್ಳಿಯಂಥ ಸಂರಕ್ಷಿತ ಪ್ರದೇಶಕ್ಕೆ ಒಂದು ನಿರ್ವಹಣಾ ಸಮಿತಿ ಇರಬೇಕು, ಅದರಲ್ಲಿ ಪ್ರತಿ ಗ್ರಾಮ ಪಂಚಾಯತಿಯ ಒಬ್ಬ ಪ್ರತಿನಿಧಿ, ಸಂಘ ಸಂಸ್ಥೆಯ ಮೂವರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಯವರು ಇರಬೇಕು ಅಂತ ಕಾಯಿದೆಯಲ್ಲೇ ಬರೆದಿದೆ. ಅಂಥ ಸಮಿತಿಯ ಮುಂದೆ ವರ್ಷಕ್ಕೊಂದು ಸಲ ಮೂರು ಲೆಕ್ಕ ಓದಲಿ. ಈ ವರ್ಷ ಎಷ್ಟು ಪ್ರಾಣಿ ಇವೆ, ಎಷ್ಟು ಬೆಳೆ ಹೋಯಿತು, ಹೋದವನಿಗೆ ಎಷ್ಟು ದಿನದಲ್ಲಿ ಎಷ್ಟು ತಲುಪಿತು. ಮೈದನಹಳ್ಳಿಗೆ ಕ್ಯಾಮೆರಾ ಹಿಡಿದು ಹೋಗುವ ನಮ್ಮಂಥವರಿಂದ ಒಂದಿಷ್ಟು ಶುಲ್ಕ ತಗೊಂಡು ಅದನ್ನು ಸುತ್ತಲಿನ ಕಡಲೆಕಾಯಿ ಹೊಲದವರಿಗೆ ಹಂಚಿದರೆ ನಾನಂತೂ ಖುಷಿಯಿಂದ ಕೊಡುತ್ತೇನೆ. ಬಂದೂಕಿನವನ ಬದಲು ಕ್ಯಾಮೆರಾದವನು ಕೊಡಲಿ, ಆದರೆ ಯಾರಾದರೂ ಕೊಡಲೇಬೇಕು. ಸದ್ಯಕ್ಕೆ ಪೂರ್ತಿ ಬಿಲ್ಲು ಕಟ್ಟುತ್ತಿರುವವನು ಹೊಲದಲ್ಲಿ ಕಂಬಳಿ ಹೊದ್ದು ಕೂತವನೊಬ್ಬನೇ.

ನಿಮ್ಮೂರ ಕಡೆ ಹಂದಿ, ಆನೆ, ಮಂಗಗಳ ಕಥೆ ಹೇಗಿದೆ? ಮಲೆನಾಡಿನವರು, ಚಾಮರಾಜನಗರದ ಕಡೆಯವರು ಬರೆಯಿರಿ. ಎಲ್ಲಾದರೂ ಒಂದು ಊರು ಉರುಳು ಬಿಟ್ಟು ಬೇರೆ ದಾರಿ ಕಂಡುಕೊಂಡಿದ್ದರೆ ಖಂಡಿತ ತಿಳಿಸಿ. ಮುಂದಿನ ಕಡಲೆಕಾಯಿ ಕಾಲಕ್ಕೆ ಇನ್ನೂ ಕೆಲವು ತಿಂಗಳು ಸಮಯ ಇದೆ.